ಮನೆಯ ಆರ್‌ಓ ಫಿಲ್ಟರ್: ಟಿಡಿಎಸ್ ನಂಬರ್ ಮಾತ್ರ ನೋಡಿ ಸುಮ್ಮನಾಗಬೇಡಿ, ಒಳಗಿನ ಸ್ಕ್ರೂ ಕೂಡ ನೋಡಿ

ಕೋಲಾರ: ಜಿಲ್ಲೆಯಲ್ಲಿ ಈಗ ಆರ್‌ಓ ಮಷೀನ್ ಇಲ್ಲದ ಬೀದಿ ಇಲ್ಲ. ಟೌನ್‌ನಲ್ಲಿ ಅಡುಗೆ ಮನೆ ಗೋಡೆ ಮೇಲೆ ಒಂದು ಡಬ್ಬಿ ನೇತಾಡುತ್ತೆ, ಹಳ್ಳಿಯಲ್ಲಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸ್ಕೊಂಡು ಬರ್ತಾರೆ. ದುಡ್ಡು ಕೊಟ್ಟು ಮಷೀನ್ ತಂದ ಮೇಲೆ ನೀರಿನ ಚಿಂತೆ ಮುಗೀತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆವು.

ಕಳೆದ ವರ್ಷ ಸರ್ವಿಸ್‌ಗೆ ಬಂದ ಹುಡುಗ, ನೀರು ಸಪ್ಪೆ ಅಂತ ಅಮ್ಮ ಹೇಳಿದ್ದಕ್ಕೆ ಮಷೀನ್ ಒಳಗಿನ ಒಂದು ಸಣ್ಣ ಸ್ಕ್ರೂ ತಿರುಗಿಸಿ ಹೋದ. ನೀರು ರುಚಿಯಾಯಿತು. ಟಿಡಿಎಸ್ ಪೆನ್ 300 ತೋರಿಸಿತು. ಎಲ್ಲರಿಗೂ ಖುಷಿ. ಎರಡು ತಿಂಗಳಾದ ಮೇಲೆ ಪಂಚಾಯ್ತಿಯಲ್ಲಿ ನೀರು ಟೆಸ್ಟ್ ಮಾಡೋ ಕಿಟ್ ಇದೆ ಅಂತ ಗೊತ್ತಾಗಿ, ಒಂದು ಬಾಟಲಿ ಫಿಲ್ಟರ್ ನೀರು ತಗೊಂಡು ಹೋದೆ. ಫ್ಲೋರೈಡ್ ಬಣ್ಣ ಹಳದಿ ಕಡೆಗೆ ತಿರುಗಿತು. ಚಾರ್ಟ್ ಪಕ್ಕ ಹಿಡಿದು ನೋಡಿದರೆ 1.5ರ ಹತ್ತಿರ. ಆ ನೀರನ್ನು ಅಷ್ಟು ದಿನ ನಮ್ಮ ಅಕ್ಕನ ನಾಲ್ಕು ವರ್ಷದ ಮಗನೂ ಕುಡಿದಿದ್ದ.

ನನ್ನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನನ್ನ ಕ್ಲಾಸಿನ ಅರ್ಧ ಜನಕ್ಕೆ ಇದ್ದವು. ಫೋಟೋಗೆ ಬಾಯಿ ಮುಚ್ಚಿ ನಗೋದು ನಮಗೆಲ್ಲ ಅಭ್ಯಾಸ. ಅವನಿಗೂ ಅದು ಬರಬಾರದು ಅಂತಲೇ ಮಷೀನ್ ತಂದಿದ್ದು. ಮಷೀನ್ ಕೆಟ್ಟಿರಲಿಲ್ಲ, ನಮಗೆ ಅದನ್ನು ನೋಡಿಕೊಳ್ಳೋಕೆ ಬರುತ್ತಿರಲಿಲ್ಲ. ಹಾಗಾಗಿ ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ನಮ್ಮ ನೀರಿನಲ್ಲಿ ಏನಿದೆ?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೆರೆ, ಬಾವಿ ಬತ್ತಿದ ಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದವು. ಆಳದಲ್ಲಿ ಗ್ರಾನೈಟ್ ಬಂಡೆಯ ಬಿರುಕುಗಳ ನಡುವೆ ತುಂಬಾ ಕಾಲ ನಿಂತ ನೀರು ಬಂಡೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಜೊತೆಗೆ ಗಡಸುತನ ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಹೊಲದ ಗೊಬ್ಬರ, ಶೌಚ ಗುಂಡಿ ಹತ್ತಿರ ಇದ್ದರೆ ನೈಟ್ರೇಟ್ ಕೂಡ ಸೇರುತ್ತೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಇದೆ, ಅದರ ಹೆಸರು ಐಎಸ್ 10500. 2012ರ ಆವೃತ್ತಿಯ ಮುಖ್ಯ ಲೆಕ್ಕ ಲೀಟರ್‌ಗೆ ಮಿಲಿಗ್ರಾಂನಲ್ಲಿ ಹೀಗಿದೆ:

- ಟಿಡಿಎಸ್, ಅಂದ್ರೆ ಕರಗಿದ ಒಟ್ಟು ಲವಣಾಂಶ: 500ರವರೆಗೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೆ.
- ಫ್ಲೋರೈಡ್: 1.0 ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 1.5.
- ಒಟ್ಟು ಗಡಸುತನ: 200. ಬೇರೆ ಮೂಲ ಇಲ್ಲದಿದ್ದರೆ 600.
- ನೈಟ್ರೇಟ್: 45. ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಉಪ್ಪು ನೀರನ್ನು ನಾಲಿಗೆ ಹಿಡಿಯುತ್ತೆ, ಫ್ಲೋರೈಡನ್ನು ಹಿಡಿಯಲ್ಲ. ಕುದಿಸಿದರೂ ಹೋಗಲ್ಲ. ಕುದಿಸಿದಾಗ ನೀರು ಆವಿಯಾಗಿ ಕಮ್ಮಿಯಾಗುತ್ತೆ, ಫ್ಲೋರೈಡ್ ಅಷ್ಟೇ ಉಳಿಯುತ್ತೆ. ಕ್ಯಾಂಡಲ್ ಫಿಲ್ಟರ್, ಬರೀ ಯುವಿ ಅಥವಾ ಯುಎಫ್ ಮಷೀನ್‌ನಿಂದಲೂ ಅದು ಹೋಗಲ್ಲ.

ಮಕ್ಕಳ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಹೆಚ್ಚುಕಮ್ಮಿ ಎಂಟು ವರ್ಷದ ಒಳಗೆ. ಆ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ ಕಲೆ ಒಳಗೇ ಕೂರುತ್ತೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಇನ್ನೂ ಹೆಚ್ಚಿನ ಪ್ರಮಾಣ ಹತ್ತಾರು ವರ್ಷ ಹೋದರೆ ಮೂಳೆ, ಕೀಲುಗಳಿಗೂ ತಟ್ಟುತ್ತೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಯವರು ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ.

ಆರ್‌ಓ ಹೇಗೆ ಕೆಲಸ ಮಾಡುತ್ತೆ?

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಟ್ಟುಕೊಳ್ಳುತ್ತೆ, ನೋಡಿರ್ತೀರಿ. ಹೋಳಿನ ಒಳಗಿನ ನೀರು ಉಪ್ಪು ಜಾಸ್ತಿ ಇರುವ ಕಡೆಗೆ ತಾನಾಗೇ ಹೋಗುತ್ತೆ. ಇದು ಆಸ್ಮೋಸಿಸ್. ಇದನ್ನೇ ಉಲ್ಟಾ ಮಾಡಿದರೆ ಆರ್‌ಓ, ಅಂದರೆ ರಿವರ್ಸ್ ಆಸ್ಮೋಸಿಸ್. ಉಪ್ಪು ನೀರನ್ನು ಪಂಪ್‌ನಿಂದ ಜೋರಾಗಿ ಒತ್ತಿ ಒಂದು ತೆಳು ಪೊರೆಯ ಮೂಲಕ ತಳ್ಳುತ್ತಾರೆ. ನೀರು ದಾಟುತ್ತೆ, ಲವಣದ ಬಹುಭಾಗ ಹಿಂದೆ ಉಳಿಯುತ್ತೆ. ಆ ಪೊರೆಯ ರಂಧ್ರ ಸುಮಾರು 0.0001 ಮೈಕ್ರಾನ್, ಅಂದರೆ ತಲೆಕೂದಲಿನ ದಪ್ಪಕ್ಕಿಂತ ಲಕ್ಷಗಟ್ಟಲೆ ಪಟ್ಟು ಸಣ್ಣದು.

ಕೆಲಸಕ್ಕೆ ಬರುವಂಥ ಪೊರೆಯನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಯಾರಿಸಿದವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಇನ್ನೊಬ್ಬರು ಸಿಡ್ನಿ ಲೋಬ್. 1965ರಲ್ಲಿ ಅಲ್ಲಿನ ಕೋಲಿಂಗಾ ಅನ್ನೋ ಊರಿಗೆ ಇದೇ ವಿಧಾನದ ಘಟಕದಿಂದ ಕುಡಿಯುವ ನೀರು ಕೊಟ್ಟರು. ಅದು ಕೂಡ ಒಳ್ಳೆಯ ನೀರಿಲ್ಲದ ಊರೇ.

ಲವಣ ಹಿಂದೆ ಉಳಿದರೆ ಅದನ್ನು ಹೊರಗೆ ಹಾಕಬೇಕಲ್ಲ? ಅದಕ್ಕೇ ಮಷೀನ್‌ನಿಂದ ಎರಡು ಪೈಪ್ ಹೊರಡುತ್ತೆ. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ರಿಜೆಕ್ಟ್ ನೀರು. ಸಾಮಾನ್ಯ ಮನೆ ಮಷೀನ್‌ನಲ್ಲಿ 1 ಲೀಟರ್ ಶುದ್ಧ ನೀರಿಗೆ ಹೆಚ್ಚುಕಮ್ಮಿ 3 ಲೀಟರ್ ರಿಜೆಕ್ಟ್ ಹೋಗುತ್ತೆ. ರಿಜೆಕ್ಟ್ ನಿಲ್ಲಿಸಿದರೆ ಲವಣ ಪೊರೆಯ ಮೇಲೇ ಗಟ್ಟಿಯಾಗಿ ಕೂರುತ್ತೆ. ನೀರು ಉಳಿಸ್ತೀನಿ ಅಂತ ಆ ಪೈಪ್‌ಗೆ ಗಂಟು ಹಾಕುವುದು, ಕ್ಲಿಪ್ ಹಾಕುವುದು ಮಾಡಬೇಡಿ.

ಡಬ್ಬಿ ಒಳಗೆ ಏನೇನಿದೆ?

ನೀರು ಹೋಗುವ ದಾರಿಯಲ್ಲೇ ನೋಡಿಕೊಂಡು ಹೋಗೋಣ.

1. ಪ್ರೀ ಫಿಲ್ಟರ್: ಮಷೀನ್ ಹೊರಗೆ ಗೋಡೆಗೆ ಇರುವ ಬೌಲ್. ಒಳಗೆ ಬಿಳಿ ಕ್ಯಾಂಡಲ್. ಮಣ್ಣು, ಮರಳು ಹಿಡಿಯುತ್ತೆ.
2. ಸೆಡಿಮೆಂಟ್ ಫಿಲ್ಟರ್: ಅದಕ್ಕಿಂತ ಸಣ್ಣ ಧೂಳು ಹಿಡಿಯುತ್ತೆ.
3. ಕಾರ್ಬನ್ ಫಿಲ್ಟರ್: ಕ್ಲೋರಿನ್, ವಾಸನೆ ತೆಗೆಯುತ್ತೆ. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತೆ, ಹಾಗಾಗಿ ಇದು ಮೆಂಬ್ರೇನ್‌ನ ಕಾವಲುಗಾರ.
4. ಆಂಟಿಸ್ಕೇಲೆಂಟ್: ಕೆಲವು ಮಷೀನ್‌ನಲ್ಲಿ ಮಾತ್ರ. ಗಡಸು ನೀರಿನ ಬಿಳಿ ಪದರ ಕೂರದ ಹಾಗೆ ತಡೆಯುತ್ತೆ. ನಮ್ಮ ಕಡೆ ನೀರಿಗೆ ಇದು ಇದ್ದರೆ ಒಳ್ಳೆಯದು.
5. ಪಂಪ್: 24 ವೋಲ್ಟ್ ಅಡಾಪ್ಟರ್‌ನಿಂದ ನಡೆಯುತ್ತೆ, ನೀರಿಗೆ ಒತ್ತಡ ಕೊಡುತ್ತೆ.
6. ಎಸ್‌ವಿ: ಕರೆಂಟ್ ಬಂದಾಗ ತೆರೆದು, ಹೋದಾಗ ಮುಚ್ಚುವ ವಾಲ್ವ್.
7. ಮೆಂಬ್ರೇನ್: ಮಷೀನ್‌ನ ಪ್ರಾಣ. ಲವಣ, ಫ್ಲೋರೈಡ್, ನೈಟ್ರೇಟ್ ಕಡಿಮೆ ಮಾಡುವುದು ಇದೊಂದೇ. ಉಳಿದವೆಲ್ಲ ಇದರ ಸಹಾಯಕರು.
8. ಎಫ್‌ಆರ್: ರಿಜೆಕ್ಟ್ ಪೈಪ್‌ನಲ್ಲಿರುವ ಸಣ್ಣ ಕೊಳವೆ. ಎಷ್ಟು ನೀರು ಹೊರಗೆ ಹೋಗಬೇಕು ಅಂತ ತೀರ್ಮಾನಿಸಿ ಒಳಗೆ ಒತ್ತಡ ಉಳಿಸುತ್ತೆ.
9. ಯುವಿ ಲ್ಯಾಂಪ್, ಯುಎಫ್: ರೋಗಾಣುಗಳಿಗೆ.
10. ಟಿಡಿಎಸ್ ಕಂಟ್ರೋಲರ್: ನಮ್ಮ ಮನೆಯಲ್ಲಿ ಆ ಹುಡುಗ ತಿರುಗಿಸಿದ ಸ್ಕ್ರೂ ಇದೇ.

ಟಿಡಿಎಸ್ ಪೆನ್ ಏನು ಹೇಳಲ್ಲ?

ಟಿಡಿಎಸ್ ಪೆನ್ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ, ಅದರಿಂದ ಲವಣ ಎಷ್ಟಿರಬಹುದು ಅಂತ ಅಂದಾಜು ಹೇಳುತ್ತೆ. ಅಷ್ಟೇ ಅದರ ಕೆಲಸ. ಆ ಲವಣ ಕ್ಯಾಲ್ಸಿಯಮ್ಮೋ, ಅಡುಗೆ ಉಪ್ಪೋ, ಫ್ಲೋರೈಡೋ ಅದಕ್ಕೆ ಗೊತ್ತಿಲ್ಲ. 700 ಟಿಡಿಎಸ್ ನೀರಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇದ್ದರೂ, 0.5 ಇದ್ದರೂ ಪೆನ್ ಹೆಚ್ಚುಕಮ್ಮಿ ಅದೇ 700 ತೋರಿಸುತ್ತೆ. ಬ್ಯಾಕ್ಟೀರಿಯಾ ಅಂತೂ ಅದಕ್ಕೆ ಕಾಣಿಸೋದೇ ಇಲ್ಲ.

ಪೆನ್ ಬೇಡ ಅಂತಲ್ಲ. ಮೆಂಬ್ರೇನ್ ಸರಿ ಇದೆಯಾ ಅಂತ ನೋಡೋಕೆ ಅದು ಬೇಕೇ ಬೇಕು. ಆದರೆ ನೀರು ಕುಡಿಯೋಕೆ ಯೋಗ್ಯ ಅಂತ ಸರ್ಟಿಫಿಕೇಟ್ ಕೊಡೋ ಶಕ್ತಿ ಅದಕ್ಕಿಲ್ಲ.

ಆ ಸ್ಕ್ರೂ ಏನು ಮಾಡುತ್ತೆ?

ಮೆಂಬ್ರೇನ್ ದಾಟಿ ಬಂದ ನೀರಿನ ಟಿಡಿಎಸ್ 30, 40, 50 ಹೀಗೆ ಇರುತ್ತೆ. ಬೋರ್ ನೀರು ಕುಡಿದು ಬೆಳೆದವರಿಗೆ ಅದು ಸಪ್ಪೆ ಅನಿಸುತ್ತೆ. ಟಿಡಿಎಸ್ ಕಂಟ್ರೋಲರ್ ಸ್ಕ್ರೂ ತೆರೆದರೆ, ಮೆಂಬ್ರೇನ್ ದಾಟದ ನೀರನ್ನು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತೆ. ಆ ನೀರು ಮಣ್ಣು, ವಾಸನೆ ಕಳೆದುಕೊಂಡಿರುತ್ತೆ, ಅಷ್ಟೇ. ಲವಣ ಮತ್ತು ಫ್ಲೋರೈಡ್ ಬೋರ್‌ನಲ್ಲಿ ಎಷ್ಟಿತ್ತೋ ಅಷ್ಟೇ ಇರುತ್ತೆ.

ಒಂದು ಲೆಕ್ಕ ನೋಡಿ. ಬೋರ್ ನೀರಿನ ಟಿಡಿಎಸ್ 700, ಫ್ಲೋರೈಡ್ 3 ಮಿಲಿಗ್ರಾಂ ಅಂತ ಇಟ್ಕೊಳ್ಳಿ. ಮೆಂಬ್ರೇನ್ ದಾಟಿದ ನೀರಿನಲ್ಲಿ ಟಿಡಿಎಸ್ 40, ಫ್ಲೋರೈಡ್ 0.3. ಸ್ಕ್ರೂ ತೆರೆದು 10 ಲೋಟದಲ್ಲಿ 4 ಲೋಟ ಹಳೇ ನೀರು, 6 ಲೋಟ ಶುದ್ಧ ನೀರು ಬೆರೆಯಿತು ಅಂದರೆ:

- ಟಿಡಿಎಸ್ ಸುಮಾರು 304. ಪೆನ್ ನೋಡಿದವರು ಸೂಪರ್ ನೀರು ಅಂತಾರೆ.
- ಫ್ಲೋರೈಡ್ ಸುಮಾರು 1.38. ಇರಬೇಕಾದ 1.0 ದಾಟಿ ಹೋಯ್ತು.

ನಮ್ಮ ಮನೆಯಲ್ಲಿ ಆಗಿದ್ದು ಇದೇ. ಸರ್ವಿಸ್ ಹುಡುಗನಿಗೆ ಮೋಸ ಮಾಡೋ ಉದ್ದೇಶ ಇತ್ತು ಅಂತ ನಾನು ಹೇಳಲ್ಲ. ನೀರು ರುಚಿಯಾಗಲಿ ಅಂತ ನಾವೇ ಕೇಳಿದ್ದು. ಫ್ಲೋರೈಡ್ ಕಮ್ಮಿ ಇರುವ ಊರಲ್ಲಿ ಹಾಗೆ ಮಾಡಿದ್ದರೆ ತೊಂದರೆ ಇರುತ್ತಿರಲಿಲ್ಲ. ನಮ್ಮ ಕಡೆ ಬೋರ್ ನೀರು ಟೆಸ್ಟ್ ಮಾಡಿಸದೆ ಆ ಸ್ಕ್ರೂ ಮುಟ್ಟಬಾರದು.

ಹಾಗಾದರೆ ಮಿನರಲ್ ಎಲ್ಲಿಂದ ಬರುತ್ತೆ ಅಂತ ಕೇಳಬಹುದು. ಮಿನರಲ್‌ಗೆ ಮುಖ್ಯ ಮೂಲ ಊಟ, ನೀರಲ್ಲ. 100 ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಹಾಲು, ಮಜ್ಜಿಗೆ ಇರುವ ಮನೆಯವರು ನೀರಿನ ಮಿನರಲ್‌ಗಾಗಿ ಫ್ಲೋರೈಡ್ ಕುಡಿಯೋ ಅಗತ್ಯ ಇಲ್ಲ. ರುಚಿ ಬೇಕೇ ಬೇಕು ಅಂದ್ರೆ ಮೆಂಬ್ರೇನ್ ಆದ ಮೇಲೆ ಹಾಕುವ ಮಿನರಲ್ ಕಾರ್ಟ್ರಿಜ್ ಸಿಗುತ್ತೆ. ಅದು ಹಳೇ ನೀರು ಬೆರೆಸಲ್ಲ, ಶುದ್ಧ ನೀರಿಗೆ ಸ್ವಲ್ಪ ಕ್ಯಾಲ್ಸಿಯಂ ಸೇರಿಸುತ್ತೆ ಅಷ್ಟೇ. ಕೊಳ್ಳುವಾಗ ಕೇಳಿ: "ಇದು ಕಾರ್ಟ್ರಿಜ್‌ನಿಂದ ಮಿನರಲ್ ಹಾಕುತ್ತಾ, ಇಲ್ಲ ಹಳೇ ನೀರು ಬೆರೆಸುತ್ತಾ?"

ಮೆಂಬ್ರೇನ್ ಚೆನ್ನಾಗಿದೆಯಾ? ನೀವೇ ನೋಡಿ

ಇದಕ್ಕೆ ಬೇಕಾಗಿರುವುದು ಒಂದು ಟಿಡಿಎಸ್ ಪೆನ್, ಒಂದು ಅಳತೆ ಲೋಟ, ಒಂದು ಮೊಬೈಲ್. ಪೆನ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ.

ಮೊದಲ ಪರೀಕ್ಷೆ, ಟಿಡಿಎಸ್:

1. ಸ್ಕ್ರೂ ಪೂರ್ತಿ ಮುಚ್ಚಿರಬೇಕು. ತೆರೆದಿದ್ದರೆ ಈ ಲೆಕ್ಕವೇ ತಪ್ಪು ಬರುತ್ತೆ.
2. ಮಷೀನ್ 10 ನಿಮಿಷ ಓಡಲಿ. ಟ್ಯಾಂಕ್ ನೀರು ಬೇಡ, ಆಗತಾನೇ ಮೆಂಬ್ರೇನ್‌ನಿಂದ ಬರ್ತಿರೋ ನೀರು ಹಿಡಿಯಿರಿ.
3. ನಲ್ಲಿ ನೀರಿನ ಟಿಡಿಎಸ್, ಶುದ್ಧ ನೀರಿನ ಟಿಡಿಎಸ್ ಎರಡೂ ಬರೆದುಕೊಳ್ಳಿ.
4. ನಲ್ಲಿ ನೀರಿನ ನಂಬರ್‌ನಿಂದ ಶುದ್ಧ ನೀರಿನ ನಂಬರ್ ಕಳೆಯಿರಿ. ಬಂದಿದ್ದನ್ನು ನಲ್ಲಿ ನೀರಿನ ನಂಬರ್‌ನಿಂದ ಭಾಗಿಸಿ 100ರಿಂದ ಗುಣಿಸಿ.

ಉದಾಹರಣೆಗೆ ನಲ್ಲಿ ನೀರು 900, ಶುದ್ಧ ನೀರು 50 ಇದ್ದರೆ ಸುಮಾರು 94%. ಮೆಂಬ್ರೇನ್ ಚೆನ್ನಾಗಿದೆ. ಅದೇ 900 ನೀರು 270 ಆಗಿ ಬರ್ತಿದ್ದರೆ 70%. ಪೆನ್‌ನಲ್ಲಿ 270 ಒಳ್ಳೆ ನಂಬರ್ ತರಾನೇ ಕಾಣುತ್ತೆ, ಆದರೆ ಮೆಂಬ್ರೇನ್ ಸೋತಿದೆ. 80% ಗಿಂತ ಕೆಳಗೆ ಬಂದರೆ ಬದಲಿಸುವ ಸಮಯ. ಹೊಸದಾಗಿ ಹಾಕಿದ ಮೆಂಬ್ರೇನ್ ಕಮ್ಮಿ ತೋರಿಸಿದರೆ ಅದು ಸರಿಯಾಗಿ ಕೂತಿಲ್ಲ, ಇಲ್ಲ ಓ-ರಿಂಗ್ ಮಡಚಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಕೂರಿಸಲು ಹೇಳಿ.

ಎರಡನೇ ಪರೀಕ್ಷೆ, ನೀರಿನ ಹರಿವು: ಒಂದು ನಿಮಿಷಕ್ಕೆ ಶುದ್ಧ ನೀರು ಎಷ್ಟು, ರಿಜೆಕ್ಟ್ ಎಷ್ಟು ಅಂತ ಲೋಟದಲ್ಲಿ ಅಳೆಯಿರಿ. ಸಾಮಾನ್ಯ 75 ಜಿಪಿಡಿ ಮೆಂಬ್ರೇನ್‌ನಲ್ಲಿ ಶುದ್ಧ ನೀರು ನಿಮಿಷಕ್ಕೆ ಸುಮಾರು 120ರಿಂದ 200 ಮಿಲಿಲೀಟರ್, ರಿಜೆಕ್ಟ್ 300ರಿಂದ 450 ಮಿಲಿಲೀಟರ್ ಇರುತ್ತೆ. ಚಳಿಗಾಲದಲ್ಲಿ ಶುದ್ಧ ನೀರು ಸ್ವಲ್ಪ ಕಮ್ಮಿ ಬರುತ್ತೆ, ಅದು ಸಹಜ.

- ರಿಜೆಕ್ಟ್ ಬರ್ತಾನೇ ಇಲ್ಲ: ಎಫ್‌ಆರ್ ಕಟ್ಟಿಕೊಂಡಿದೆ. ತಕ್ಷಣ ಮಷೀನ್ ಆಫ್ ಮಾಡಿ, ಇಲ್ಲದಿದ್ದರೆ ಮೆಂಬ್ರೇನ್ ಹೋಗುತ್ತೆ.
- ರಿಜೆಕ್ಟ್ ಜೋರಾಗಿ ಸುರೀತಿದೆ, ಶುದ್ಧ ನೀರು ಹನಿ ಹನಿ: ಎಫ್‌ಆರ್ ಇಲ್ಲ ಅಥವಾ ಕೆಟ್ಟಿದೆ, ಇಲ್ಲ ಮೆಂಬ್ರೇನ್ ಬ್ಲಾಕ್ ಆಗಿದೆ.
- ಎರಡೂ ಕಮ್ಮಿ: ಪ್ರೀ ಫಿಲ್ಟರ್ ಕೊಳೆಯಾಗಿದೆ, ಇಲ್ಲ ಪಂಪ್ ಸೋತಿದೆ.

ಯಾವಾಗ ಏನು ಬದಲಿಸಬೇಕು?

ಕಂಪನಿಗಳು ಹೇಳುವ ತಿಂಗಳ ಲೆಕ್ಕ ಸರಾಸರಿ ಮಾತ್ರ. ನೀರು ಗಡಸಾಗಿದ್ದಷ್ಟೂ ಬೇಗ ಬದಲಿಸಬೇಕು.

- ಪ್ರೀ ಫಿಲ್ಟರ್ ಕ್ಯಾಂಡಲ್: 3 ತಿಂಗಳಿಗೆ, ಅಥವಾ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ.
- ಸೆಡಿಮೆಂಟ್: 6 ತಿಂಗಳಿಗೆ.
- ಕಾರ್ಬನ್: 6 ತಿಂಗಳಿಂದ ಒಂದು ವರ್ಷ.
- ಮೆಂಬ್ರೇನ್: ನಮ್ಮ ಕಡೆ ನೀರಿಗೆ ಸಾಮಾನ್ಯವಾಗಿ 1ರಿಂದ 2 ವರ್ಷ. ಆದರೆ ತಿಂಗಳು ಎಣಿಸಬೇಡಿ, ಮೇಲಿನ ಶೇಕಡಾ ಲೆಕ್ಕ ನೋಡಿ ಬದಲಿಸಿ.
- ಎಫ್‌ಆರ್: ಮೆಂಬ್ರೇನ್ ಬದಲಿಸಿದಾಗಲೆಲ್ಲ ಇದನ್ನೂ ಬದಲಿಸಿ. ಮೆಂಬ್ರೇನ್ ಬೆಲೆ ಮುಂದೆ ಇದು ಏನೂ ಅಲ್ಲ.
- ಯುವಿ ಲ್ಯಾಂಪ್: ವರ್ಷಕ್ಕೊಮ್ಮೆ. ನೀಲಿ ಬೆಳಕು ಕಾಣಿಸ್ತಿದೆ ಅಂದ ಮಾತ್ರಕ್ಕೆ ರೋಗಾಣು ಸಾಯಿಸೋ ಶಕ್ತಿ ಉಳಿದಿದೆ ಅಂತಲ್ಲ. ಲ್ಯಾಂಪ್ ಉರಿಯುವಾಗ ಬಿಚ್ಚಿ ನೇರವಾಗಿ ನೋಡಬೇಡಿ, ಕಣ್ಣಿಗೆ ಅಪಾಯ.

ಇಲ್ಲಿ ಅತಿ ಕಡಿಮೆ ಬೆಲೆಯದ್ದು ಪ್ರೀ ಫಿಲ್ಟರ್ ಕ್ಯಾಂಡಲ್. ಅತಿ ದುಬಾರಿ ಮೆಂಬ್ರೇನ್. ಕ್ಯಾಂಡಲ್, ಕಾರ್ಬನ್ ಟೈಮಿಗೆ ಬದಲಿಸದವರು ಮೆಂಬ್ರೇನ್ ಬೇಗ ಕೊಳ್ಳಬೇಕಾಗುತ್ತೆ.

ಮನೆಯಲ್ಲೇ ಮಾಡಬಹುದಾದ ಕೆಲಸ

ಯಾವ ಕೆಲಸಕ್ಕೂ ಮುಂಚೆ ಪ್ಲಗ್ ಕೀಳಿ, ನೀರಿನ ವಾಲ್ವ್ ಮುಚ್ಚಿ.

ಪ್ರೀ ಫಿಲ್ಟರ್ ಬದಲಿಸುವುದು: ಬೌಲ್ ತಲೆ ಮೇಲೆ ಕೆಂಪು ಬಟನ್ ಇದ್ದರೆ ಒತ್ತಿ ಒತ್ತಡ ಬಿಡಿ. ಕೆಳಗೆ ಬಕೆಟ್ ಇಟ್ಟು ಸ್ಪ್ಯಾನರ್‌ನಿಂದ ಬೌಲ್ ಬಿಚ್ಚಿ. ಬೌಲ್ ತೊಳೆದು ಹೊಸ ಕ್ಯಾಂಡಲ್ ನೇರವಾಗಿ ಕೂರಿಸಿ. ಕಪ್ಪು ರಬ್ಬರ್ ರಿಂಗ್ ತನ್ನ ಜಾಗದಲ್ಲಿ ಇದೆಯಾ ನೋಡಿ ಮುಚ್ಚಿ. ಲೀಕ್ ಆದರೆ ಹತ್ತಕ್ಕೆ ಒಂಬತ್ತು ಸಲ ಆ ರಿಂಗ್‌ದೇ ಸಮಸ್ಯೆ.

ಟ್ಯಾಂಕ್ ತೊಳೆಯುವುದು: ಮೂರು ತಿಂಗಳಿಗೊಮ್ಮೆ ಸಾಕು, ಆದರೆ ತಪ್ಪಿಸಬೇಡಿ. ಆರ್‌ಓ ನೀರಿನಲ್ಲಿ ಕ್ಲೋರಿನ್ ಇರಲ್ಲ, ಹಾಗಾಗಿ ಬಿಸಿಲು ಬೀಳುವ ಜಾಗದಲ್ಲಿ ಟ್ಯಾಂಕ್ ಒಳಗೆ ಪಾಚಿ, ಲೋಳೆ ಬೇಗ ಕಟ್ಟುತ್ತೆ. ಟ್ಯಾಂಕ್ ಖಾಲಿ ಮಾಡಿ, ಕೈ ಸೋಪಿನಲ್ಲಿ ತೊಳೆದು, ಹೊಸ ಬಟ್ಟೆಯಿಂದ ಒಳಗೆ ಒರೆಸಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕುದಿಯುವ ನೀರು ಹಾಕಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಮೇಲಿನ ಟ್ಯಾಂಕ್‌ಗೆ ಬ್ಲೀಚಿಂಗ್ ಪೌಡರ್ ಹಾಕುವ ದಿನ ಆರ್‌ಓ ವಾಲ್ವ್ ಮುಚ್ಚಿಬಿಡಿ. ಟ್ಯಾಂಕ್ ತೊಳೆದು ಆ ನೀರು ಪೂರ್ತಿ ಹೊರಗೆ ಹೋದ ಮೇಲೇ ತೆರೆಯಿರಿ.

ಹೊಸ ಕಾರ್ಬನ್ ಹಾಕಿದಾಗ ಮೊದಲು ಕಪ್ಪು ನೀರು ಬರುತ್ತೆ, ಅದು ಮೆಂಬ್ರೇನ್‌ಗೆ ಹೋಗದ ಹಾಗೆ ಮೊದಲೇ ಹೊರಗೆ ಬಿಡಿ. ಹೊಸ ಮೆಂಬ್ರೇನ್ ಹಾಕಿದ ಮೇಲೆ ಮೊದಲ ಎರಡು ಟ್ಯಾಂಕ್ ನೀರು ಕುಡಿಯಬೇಡಿ. ಜಾತ್ರೆಗೋ, ಮದುವೆಗೋ ವಾರಗಟ್ಟಲೆ ಊರಿಗೆ ಹೋಗೋದಾದರೆ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ ಹೋಗಿ. ಬಂದ ಮೇಲೆ ಮೊದಲ ಟ್ಯಾಂಕ್ ಚೆಲ್ಲಿ.

ಸಾಮಾನ್ಯ ತೊಂದರೆಗಳು

- ಮಷೀನ್ ಆನ್ ಆಗ್ತಿಲ್ಲ: ಮೊದಲು ಅಡಾಪ್ಟರ್ ನೋಡಿ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗೋದು ಅದೇ. ಪೂರ್ತಿ ಮಷೀನ್ ಹೋಯ್ತು ಅಂತ ಯಾರಾದ್ರೂ ಹೇಳಿದರೆ ಅಡಾಪ್ಟರ್ ಚೆಕ್ ಮಾಡಿದ್ರಾ ಅಂತ ಕೇಳಿ.
- ಮಷೀನ್ ಆಫ್ ಆದ ಮೇಲೂ ರಿಜೆಕ್ಟ್ ಹರೀತಿದೆ: ಎಸ್‌ವಿ ಮುಚ್ಚುತ್ತಿಲ್ಲ. ರಾತ್ರಿಯಿಡೀ ಟ್ಯಾಂಕ್ ನೀರು ಪೋಲಾಗುತ್ತೆ.
- ಟ್ಯಾಂಕ್ ತುಂಬಿ ಚೆಲ್ಲುತ್ತಿದೆ: ಫ್ಲೋಟ್ ಸಿಕ್ಕಿಹಾಕಿಕೊಂಡಿದೆ ಅಥವಾ ಕೆಟ್ಟಿದೆ.
- ಪಂಪ್ ಜೋರಾಗಿ ಸದ್ದು ಮಾಡ್ತಿದೆ: ನೀರು ಸರಿಯಾಗಿ ಬರ್ತಿಲ್ಲ. ಮೇಲಿನ ಟ್ಯಾಂಕ್, ಪ್ರೀ ಫಿಲ್ಟರ್ ನೋಡಿ.
- ನೀರು ವಾಸನೆ: ಕಾರ್ಬನ್ ಮುಗಿದಿದೆ, ಇಲ್ಲ ಟ್ಯಾಂಕ್ ತೊಳೆದಿಲ್ಲ.
- ಇದ್ದಕ್ಕಿದ್ದಂತೆ ನೀರು ತುಂಬಾ ರುಚಿಯಾಯ್ತು: ಖುಷಿಪಡಬೇಡಿ. ಸ್ಕ್ರೂ ತೆರೆದಿದೆ, ಇಲ್ಲ ಮೆಂಬ್ರೇನ್ ಸೋತಿದೆ.

ರಿಜೆಕ್ಟ್ ನೀರು ಏನು ಮಾಡೋದು?

ನೀರಿಲ್ಲದ ಜಿಲ್ಲೆಯಲ್ಲಿ ಮೂರು ಪಾಲು ನೀರು ಚರಂಡಿಗೆ ಬಿಡೋಕೆ ಯಾರಿಗೂ ಮನಸ್ಸು ಬರಲ್ಲ. ಪೈಪ್ ಒಂದು ಡ್ರಮ್‌ಗೆ ಬಿಡಿ. ನೆಲ ಒರೆಸೋದು, ಟಾಯ್ಲೆಟ್, ಪಾತ್ರೆಯ ಮೊದಲ ತೊಳೆತ, ಅಂಗಳಕ್ಕೆ ನೀರು ಹಾಕೋದು, ಗಾಡಿ ತೊಳೆಯೋದು ಎಲ್ಲಕ್ಕೂ ಆಗುತ್ತೆ. ತೆಂಗಿನ ಮರ ಸ್ವಲ್ಪ ಉಪ್ಪು ತಡೆಯುತ್ತೆ, ಆದರೆ ಕುಂಡದ ಗಿಡಗಳಿಗೆ ದಿನಾ ಹಾಕಿದರೆ ಮಣ್ಣಲ್ಲಿ ಉಪ್ಪು ಕೂರುತ್ತೆ.

ಒಂದು ಮಾತು ಮಾತ್ರ ನೆನಪಿಡಿ: ಹಸು, ಎಮ್ಮೆ, ಕುರಿಗೆ ಈ ನೀರು ಕುಡಿಸಬೇಡಿ. ಬೋರ್‌ನಲ್ಲಿ ಫ್ಲೋರೈಡ್ 3 ಇದ್ದರೆ ರಿಜೆಕ್ಟ್‌ನಲ್ಲಿ ಸುಮಾರು 4ರ ಹತ್ತಿರ ಆಗಿರುತ್ತೆ. ದನಗಳ ಹಲ್ಲಿಗೂ, ಮೂಳೆಗೂ ಅದೇ ಕಾಯಿಲೆ ಬರುತ್ತೆ. ಹಾಲಿನ ಮೇಲೆ ಜೀವನ ನಡೆಸೋ ಮನೆಗಳು ಇದನ್ನು ಲಘುವಾಗಿ ತಗೋಬಾರದು.

ಎಲ್ಲರಿಗೂ ಆರ್‌ಓ ಬೇಕಾ?

ಬೇಡ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆ ನಿಲ್ಲಿಸುವಂತೆ ನಿಯಮ ತರಲು ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಪೋಲಾಗುವ ನೀರೇ ಅದಕ್ಕೆ ದೊಡ್ಡ ಕಾರಣ. ಬೆಂಗಳೂರಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಆರ್‌ಓ ಹಾಕಿ ಒಳ್ಳೆ ನೀರನ್ನೇ ಚರಂಡಿಗೆ ಬಿಡೋದು ದಂಡ. ನಮ್ಮ ಜಿಲ್ಲೆಯಲ್ಲೂ ಮಳೆ ನೀರು ಸರಿಯಾಗಿ ಹಿಡಿದು ಸಂಪಿನಲ್ಲಿ ಇಟ್ಟುಕೊಂಡವರಿಗೆ ಆರ್‌ಓ ಬೇಕಿಲ್ಲ. ಮಳೆ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇರಲ್ಲ, ಶೋಧಿಸಿ ಕುದಿಸಿದರೆ ಸಾಕು. ಆದರೆ ಬೋರ್ ನೀರಿನ ಟಿಡಿಎಸ್ 400 ಇದ್ದು ಫ್ಲೋರೈಡ್ 2 ಇದ್ದರೆ? ಆಗ ಬೇಕಾಗುತ್ತೆ. ಅದಕ್ಕೇ ತೀರ್ಮಾನ ಪೆನ್ ನೋಡಿ ಮಾಡಬೇಡಿ, ಟೆಸ್ಟ್ ರಿಪೋರ್ಟ್ ನೋಡಿ ಮಾಡಿ.

ನೀರು ಟೆಸ್ಟ್ ಮಾಡಿಸೋದು ಹೇಗೆ?

ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ಎಫ್‌ಟಿಕೆ ಅನ್ನೋ ಟೆಸ್ಟ್ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಕಿಟ್ ಯಾರ ಹತ್ತಿರ ಇದೆ ಅಂತ ಕೇಳಿ. ಕಿಟ್ ಕೊಡುವುದು ಅಂದಾಜು. ಅದರಲ್ಲಿ ಜಾಸ್ತಿ ಬಂದರೆ, ಅಥವಾ ಅನುಮಾನ ಇದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ.

- ಎರಡು ಸ್ಯಾಂಪಲ್ ಕೊಡಿ: ಒಂದು ಬೋರ್ ನೀರು, ಇನ್ನೊಂದು ಫಿಲ್ಟರ್ ನೀರು. ಯಾವುದು ಯಾವುದು ಅಂತ ಬಾಟಲಿ ಮೇಲೆ ಬರೆಯಿರಿ.
- ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿ ಸಾಕು, ಫ್ಲೋರೈಡ್ ಟೆಸ್ಟ್‌ಗೆ ಗಾಜು ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ಒಂದು ಲೀಟರ್ ತುಂಬಿ.
- ಬ್ಯಾಕ್ಟೀರಿಯಾ ಟೆಸ್ಟ್ ಬೇಕಾದರೆ ಲ್ಯಾಬ್‌ನವರೇ ಕೊಡುವ ಬಾಟಲಿ ಬೇಕು, ಅದನ್ನು ಅದೇ ದಿನ ತಲುಪಿಸಬೇಕು.

ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಒಮ್ಮೆ, ಮಳೆ ಆದ ಮೇಲೆ ಒಮ್ಮೆ ಮಾಡಿಸಿ. ಬೋರ್ ಮಟ್ಟ ಏರಿಳಿದ ಹಾಗೆ ನೀರಿನ ಗುಣವೂ ಬದಲಾಗುತ್ತೆ. 2018ರಿಂದ ಕೆಸಿ ವ್ಯಾಲಿ ನೀರು ಕೆರೆಗಳಿಗೆ ಬರ್ತಿದೆ, ಕೆರೆ ಅಕ್ಕಪಕ್ಕದ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಐದು ವರ್ಷದ ಹಿಂದಿನ ರಿಪೋರ್ಟ್ ಇವತ್ತಿನ ನೀರಿಗೆ ಹೊಂದಲ್ಲ.

ಹಳ್ಳಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರಿಗೂ ಇದೇ ಮಾತು. ಅಲ್ಲಿರುವುದೂ ಮೆಂಬ್ರೇನೇ, ಅದೂ ಸೋಲುತ್ತೆ. ಕೊನೆಯ ಸಲ ಯಾವಾಗ ಟೆಸ್ಟ್ ಆಯ್ತು, ಮೆಂಬ್ರೇನ್ ಯಾವಾಗ ಬದಲಾಯ್ತು ಅಂತ ಪಂಚಾಯ್ತಿಯಲ್ಲಿ ಕೇಳೋ ಹಕ್ಕು ನಿಮಗಿದೆ.

ಸರ್ವಿಸ್‌ನವರು ಬಂದಾಗ

1. ಕೆಲಸಕ್ಕೆ ಮುಂಚೆ, ಆದ ಮೇಲೆ ಎರಡು ಸಲ ನಿಮ್ಮ ಎದುರೇ ಟಿಡಿಎಸ್ ನೋಡಿಸಿ. ನಲ್ಲಿ ನೀರಿನದೂ ನೋಡಿಸಿ.
2. ಹೊಸ ಮೆಂಬ್ರೇನ್ ಸೀಲ್ ಇರುವ ಪ್ಯಾಕೆಟ್‌ನಿಂದ ನಿಮ್ಮ ಮುಂದೆ ತೆಗೆಯಲಿ.
3. ಹಳೇ ಪಾರ್ಟ್ ನಿಮಗೇ ಕೊಡಲಿ.
4. ಹೊಸ ಫಿಲ್ಟರ್ ಮೇಲೆ ಮಾರ್ಕರ್‌ನಿಂದ ತಾರೀಕು ಬರೆಸಿ.
5. ಎಎಂಸಿ ಮಾಡಿಸೋದಾದರೆ ಮೆಂಬ್ರೇನ್, ಪಂಪ್, ಅಡಾಪ್ಟರ್ ಸೇರಿವೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಬರೀ ಕ್ಲೀನಿಂಗ್‌ಗೆ ಎಎಂಸಿ ದುಡ್ಡು ಕೊಟ್ಟು ಮೋಸ ಹೋಗಬೇಡಿ.
6. ಹೋಗೋಕೆ ಮುಂಚೆ ಕೇಳಿ: "ಟಿಡಿಎಸ್ ಸ್ಕ್ರೂ ಎಲ್ಲಿದೆ? ಪೂರ್ತಿ ಮುಚ್ಚಿದೆಯಾ? ತೋರಿಸಿ."

ನಾವು ಸ್ಕ್ರೂ ಮುಚ್ಚಿಸಿ ಮತ್ತೆ ಕಿಟ್‌ನಲ್ಲಿ ನೋಡಿದೆವು. ಬಣ್ಣ ಗುಲಾಬಿ ಕಡೆಗೇ ಉಳಿಯಿತು. ಚಾರ್ಟ್‌ನಲ್ಲಿ 0.5ಕ್ಕಿಂತ ಕೆಳಗೆ. ಅಮ್ಮ ಒಂದು ವಾರ ಸಪ್ಪೆ ನೀರು ಅಂತ ಗೊಣಗಿದರು, ಆಮೇಲೆ ಅಭ್ಯಾಸವಾಯಿತು. ಫ್ರಿಜ್ ಬಾಗಿಲ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇವೆ: ಕ್ಯಾಂಡಲ್ ಬದಲಿಸಿದ ತಾರೀಕು, ನಲ್ಲಿ ಟಿಡಿಎಸ್, ಫಿಲ್ಟರ್ ಟಿಡಿಎಸ್, ಟೆಸ್ಟ್ ಮಾಡಿಸಿದ ದಿನ. ತಿಂಗಳ ಮೊದಲ ಭಾನುವಾರ ಐದು ನಿಮಿಷದ ಕೆಲಸ.

ಇದನ್ನು ಫೋನ್‌ನಲ್ಲಿ ಉಳಿಸಿಕೊಂಡು, ಮುಂದಿನ ಸಲ ಸರ್ವಿಸ್‌ನವರು ಬಂದಾಗ ತೆಗೆದು ನೋಡಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗು ಇದ್ದರೆ ಅಲ್ಲಿಯವರೆಗೆ ಕಾಯಬೇಡಿ, ಇವತ್ತೇ ಒಂದು ಬಾಟಲಿ ನೀರು ಹಿಡಿದು ಪಂಚಾಯ್ತಿಗೆ ಹೋಗಿ.